ಪದ ಹೇಳಿದವರ ಮುಖ

ಗುತ್ತಲು, ಮಂಡ್ಯ
ಭಾನುವಾರ

ಅವ್ವಾ,

ನಾಟಿ ಪದದ ವಿಡಿಯೊವನ್ನು ಮೂರು ಸಲ ತಿದ್ದಿ ಸಾಕಾಗಿದೆ. ಕಾಲೇಜಿನಲ್ಲಿ ನೋಡಿದವರು ಬೆಳಕು ಸಾಲದು ಎಂದರು, ಉದ್ದವಾಯಿತು ಎಂದರು, ಎಲ್ಲ ಸರಿಮಾಡಿದೆ. ನಿನ್ನೆ ಶಿವಪುರದ ಬಳಿ ನಾಟಿ ಮಾಡುತ್ತಿದ್ದ ಹೆಂಗಸರಿಗೆ ತೋರಿಸಿದೆ. ಒಬ್ಬ ಅಜ್ಜಿ, “ದನಿ ವಯ್ಸಾದೋರ್ದು, ಬಾಯಾಡ್ಸೋಳು ಎಳೇ ಉಡ್ಗಿ. ಪದ ಏಳ್ದೋರ್ ಮೊಕ ಯಾಕವ್ವ ಮುಚ್ಚಿಟ್ಟೆ?” ಎಂದರು.

ಚಿತ್ರೀಕರಣದ ದಿನ ನೀನು ತಲೆ ಬಾಚಿ, ಹೂ ಮುಡಿದು ಕಾಯುತ್ತಿದ್ದೆ. ನಿನ್ನ ದನಿ ಮಾತ್ರ ಸಾಕೆಂದು ನಾನು ಕ್ಯಾಮೆರಾ ಮುಂದೆ ಗೆಳತಿ ಅಮೃತಳನ್ನು ನಿಲ್ಲಿಸಿದೆ. ನೀನು ಕ್ಯಾಮೆರಾದ ಹಿಂದೆ ಕೂತು ಪದ ಹೇಳಿದೆ.

ನಿನ್ನನ್ನೇ ಚಿತ್ರಿಸಲು ಶುಕ್ರವಾರ ನಮ್ಮೂರು ಪೂರಿಗಾಲಿಗೆ ಕ್ಯಾಮೆರಾ ತರುತ್ತೇನೆ. ಹೊಸ ಸೀರೆ ಬೇಡ, ಗದ್ದೆಗೆ ಉಡುವುದೇ ಇರಲಿ. ಕೊನೆಯ ಹೆಸರುಗಳಲ್ಲಿ ‘ದನಿ: ಹಳ್ಳಿಯ ಮಹಿಳೆ’ ಎಂದಿದ್ದುದನ್ನು ಅಳಿಸಿ, ನಿನ್ನ ಹೆಸರನ್ನೇ, ದೇವಿರಮ್ಮ ಎಂದು ಬರೆದಿದ್ದೇನೆ. ಮನಸ್ಸಿಲ್ಲದಿದ್ದರೆ ಹೇಳು, ಈ ವಿಡಿಯೊವನ್ನು ಯಾರಿಗೂ ಕೊಡುವುದಿಲ್ಲ.

ನಿನ್ನ ಮಗಳು,
ನಾಗಶ್ರೀ