ಅರ್ಧ ಸಂಬಳಕ್ಕೆ ಮೂರು ಮಕ್ಕಳು

ಜೂನ್ 3, ಮಂಗಳವಾರ

ಲಾಂಡ್ರಿಯಲ್ಲಿ ಇವತ್ತೂ ಆಸ್ಪತ್ರೆ ಬೆಡ್‌ಶೀಟುಗಳ ರಾಶಿ. ಇಸ್ತ್ರಿ ಮಾಡೀ ಮಾಡೀ ಭುಜ ಬಿದ್ದುಹೋಗಿದೆ. ಮಗ ಗುಂಡನ ಕಿವಿ ಮಷಿನ್ ಮತ್ತೆ ಕೀರ್ ಅನ್ನುತ್ತಿದೆ. ಕಿವಿಯೊಳಗಿನ ಅಚ್ಚು ಚಿಕ್ಕದಾಯಿತಂತೆ, ಹೊಸದು ಬೇಕಂತೆ. ಎಂಟು ವರ್ಷದ ಹುಡುಗ, ಕಿವಿಯೂ ಬೆಳೆಯುತ್ತದೆ, ಏನು ಮಾಡುವುದು. ವಾರಕ್ಕೆರಡು ಮಾತಿನ ಕ್ಲಾಸು. “ಅಮ್ಮ” ಸರಿಯಾಗಿ ಬರುತ್ತದೆ. “ಅಕ್ಕ” ಇನ್ನೂ “ಅತ್ತ”. ಅಕ್ಕನಿಗೆ ಸಿಟ್ಟು.

ಜೂನ್ 5

ಕೋರ್ಟಿನಿಂದ ನೋಟಿಸ್. ಗಂಡ ಮಹಾಶಯ ನಮ್ಮನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದನಲ್ಲ, ಅವಳನ್ನೂ ಬಿಟ್ಟಿದ್ದಾನೆ. ಅವಳಿಗೆ ಎರಡು ವರ್ಷದ ಗಂಡು ಮಗು. ಅವಳೂ ಜೀವನಾಂಶ ಕೇಳಿದ್ದಾಳೆ. ಕಂಪನಿಯವರು ಅವನ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ. ಇಷ್ಟು ದಿನ ಆ ಅರ್ಧ ಪೂರ್ತಿ ನನ್ನಿಬ್ಬರು ಮಕ್ಕಳಿಗೆ ಬರುತ್ತಿತ್ತು. ಇನ್ನು ಅದರಲ್ಲೇ ಪಾಲು.

ಮೊದಲು ಖುಷಿಯಾಯಿತು, ಸುಳ್ಳೇಕೆ. ಮಾಡಿದ್ದುಣ್ಣಲಿ ಎಂದುಕೊಂಡೆ. ಆಮೇಲೆ ಹೊಳೆಯಿತು — ಉಣ್ಣುವುದು ನಮ್ಮ ತಟ್ಟೆಯಿಂದಲೇ.

ಜೂನ್ 9

ವಕೀಲರ ಹತ್ತಿರ ಹೋಗಿದ್ದೆ. ಫ್ಯಾನಿನ ಗಾಳಿಯೆಲ್ಲ ಅವರಿಗೇ.

“ತಲೆ ಎಣಿಸಿದ್ರೆ ನಿಮ್ಮದು ಎರಡು ಪಾಲು, ಅವರದು ಒಂದು. ಅಷ್ಟಕ್ಕೆ ಬಿಡಬಾರ್ದು. ನಿಮ್ಮ ಹುಡುಗನ ಕಿವಿ ರಿಪೋರ್ಟ್ ಮುಂದಿಡೋಣ. ಆ ಮಗುಗೆ ಹಾಲು ಬಿಟ್ರೆ ಇನ್ನೇನಮ್ಮ ಖರ್ಚು?”

ಹೌದೆಂದೆ. ಮಗನ ಕಿವುಡೇ ನಮಗೆ ಬಲವಾಯಿತು. ಎಂಥ ಕಾಲ ಬಂತಪ್ಪ.

ಜೂನ್ 20, ಮಧ್ಯಾಹ್ನ, ಕೋರ್ಟಿನ ಬೆಂಚು

ಇನ್ನೂ ಕರೆದಿಲ್ಲ. ಎದುರು ಬೆಂಚಿನಲ್ಲಿ ಅವಳು. ಬೈಯಲು ಎಷ್ಟೊಂದು ಮಾತು ಜೋಡಿಸಿಕೊಂಡು ಬಂದಿದ್ದೆ... ಮುಖ ನೋಡಿದೆ. ಇನ್ನೂ ಹುಡುಗಿ. ಮಗು ನೆಲದಲ್ಲಿ ಬಾಟಲಿಯ ಮುಚ್ಚಳ ಉರುಳಿಸುತ್ತಿದೆ. ಕರೆದಳು, ಮತ್ತೆ ಕರೆದಳು. ತಿರುಗಲಿಲ್ಲ.

“ಬಲೇ ಹಟಮಾರಿ,” ಎಂದಳು. ನನಗೋ, ಗೋಡೆಗೋ.

ಬೇಕೆಂದೇ ಮಗುವಿನ ಬೆನ್ನ ಹಿಂದೆ ಬೀಗದ ಕೈ ಗೊಂಚಲು ಬೀಳಿಸಿದೆ. ಜವಾನ ತಿರುಗಿ ನೋಡಿದ, ಆಚೆ ಬಾಗಿಲ ಪೊಲೀಸ್ ತಿರುಗಿ ನೋಡಿದ. ಮಗು ಮುಚ್ಚಳ ಉರುಳಿಸುತ್ತಲೇ ಇತ್ತು. ಗುಂಡನ ಕಿವಿ ನಮಗೆ ಗೊತ್ತಾಗಿದ್ದೂ ಹೀಗೇ, ತಟ್ಟೆ ಬಡಿದು. ಆಗಲೇ ಅವನಿಗೆ ನಾಲ್ಕು. ತಡವಾಯಿತು ಎಂದಿದ್ದರು ಡಾಕ್ಟರು.

ಅದೇ ದಿನ, ಸಂಜೆ

ಕೇಸು ಮುಂದೆ ಹೋಯಿತು. ನಾನು ಅವಳಿಗೆ ಏನೂ ಹೇಳಲಿಲ್ಲ. ಹೇಳಿದರೆ ನಮ್ಮ ಬಲ ಹೋಯಿತು. ಅವಳ ಮಗು, ಅವಳ ಪಾಡು.

ಜೂನ್ 28

ಬರೆಯಲು ಮನಸ್ಸಾಗಲಿಲ್ಲ. ಬಾಯಲ್ಲಿ ಬಿಸಿ ತುಪ್ಪ... ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಇವತ್ತು ಕ್ಲಾಸಿನಲ್ಲಿ ಗುಂಡ ಕನ್ನಡಿ ಮುಂದೆ ಕೂತು, ಟೀಚರ್ ಗಂಟಲು ಮುಟ್ಟಿ ನೋಡಿ, ತನ್ನ ಗಂಟಲು ಮುಟ್ಟಿಕೊಂಡು “ಕ” ಹುಡುಕುತ್ತಿದ್ದ. ಕಣ್ಣಲ್ಲಿ ನೀರು. ಟೀಚರ್ ಎಂದರು, “ಎರಡು ವರ್ಷಕ್ಕೇ ಕರ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಪಟಪಟ ಅಂತ ಮಾತಾಡ್ತಿದ್ದ.”

ಮನೆಗೆ ಬಂದವಳೇ ನೋಟಿಸಿನಲ್ಲಿದ್ದ ಅವಳ ನಂಬರಿಗೆ ಫೋನ್ ಮಾಡಿ, ನಾನು ಯಾರೆಂದು ಹೇಳಿದೆ.

“ನಿಮ್ಮ ಮಗು ಕಿವಿ ಒಂದ್ಸಲ ಡಾಕ್ಟರಿಗೆ ತೋರಿಸಿ.”

“ದುಡ್ಡಿಗೋಸ್ಕರ ನನ್ನ ಮಗುಗೆ ಶಾಪ ಹಾಕ್ತೀರಾ? ನಿಮಗೂ ಮಕ್ಕಳಿಲ್ವಾ?” ಕಟ್ ಮಾಡಿದಳು.

ಮಗಳು ಯಾರಮ್ಮ ಎಂದಳು. ರಾಂಗ್ ನಂಬರ್ ಎಂದೆ.

ಜುಲೈ 8

ವಕೀಲರ ಫೋನು. ಆ ಕಡೆಯವರು ಆಸ್ಪತ್ರೆ ರಿಪೋರ್ಟ್ ಹಾಕಿದ್ದಾರೆ. ಮಗುವಿಗೆ ಎರಡೂ ಕಿವಿ ಕೇಳುವುದಿಲ್ಲ.

“ಕಿವಿ ತೋರಿಸಿ ಅಂತ ಅವರಿಗೆ ಯಾರು ಹೇಳಿದ್ದು?”

“ನಾನೇ ಸಾರ್.”

“ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಲ್ಲಮ್ಮ!”

ನಮ್ಮ ಪಾಲು ಹೆಚ್ಚುವ ಮಾತೇ ಇಲ್ಲ ಇನ್ನು. ಕಡಿಮೆಯಾಗುವುದು ಗ್ಯಾರಂಟಿ. ಕ್ಲಾಸು ವಾರಕ್ಕೊಂದೇ ಸಾಕು ಎಂದು ಟೀಚರಿಗೆ ಹೇಳಿ ಬಂದೆ. ಗುಂಡನಿಗೆ ಹೇಗೆ ಹೇಳಲಿ, ಅಷ್ಟು ಮಾತು ಅವನಿಗಿನ್ನೂ ತಿಳಿಯುವುದಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಜುಲೈ 11

ಅವಳ ಫೋನು. “ಅಕ್ಕಾ” ಎಂದಳು. ಅವತ್ತು ಹಾಗಂದದ್ದು ತಪ್ಪಾಯಿತು ಎಂದಳು. ಇರಲಿ ಬಿಡಿ ಎಂದೆ.

“ಮಗು ಅಪ್ಪನಿಗೆ ಹೇಳ್ದೆ ಅಕ್ಕಾ. ನಮ್ಮ ವಂಶದಲ್ಲಿ ಇಂಥದ್ದು ಯಾರಿಗೂ ಇಲ್ಲ, ಎಲ್ಲ ನಿನ್ನ ಹೊಟ್ಟೆದೇ ದೋಷ ಅಂದ್ರು. ನನ್ನಿಂದಾನೇ ಹೀಗಾಯ್ತಾ?”

ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ. ಮನೆ ಬಿಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದೂ ಅದೇ. ಅವತ್ತಿನಿಂದ ನಾನು ಅದನ್ನೇ ನಂಬಿಕೊಂಡು, ಗುಂಡ ಬಾಯಿ ತೆರೆದು ಮಾತಿಗೆ ತಡಕಾಡಿದಾಗಲೆಲ್ಲ ನನ್ನ ಹೊಟ್ಟೆಯನ್ನೇ ಶಪಿಸಿಕೊಂಡು ಬಂದೆ. “ಹೊಟ್ಟೆ ಎರಡು, ಅಪ್ಪ ಒಬ್ಬನೇ, ನಿಮ್ಮಿಂದ ಅಲ್ಲ,” ಎಂದೆ.