ತಕ್ಕಡಿಯ ಕೆಳಗಿನ ಮಣ್ಣು

ಪ್ರೀತಿಯ ಅಪ್ಪನಿಗೆ,

ನೀನು ತಕ್ಕಡಿಯ ಕೆಳಗೆ ತೆವಳಿಕೊಂಡು ಹೋದ ಆ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಭದ್ರಾವತಿಯ ಹೊರಗೆ ನೀನು ಲಾರಿ ತೂಗುತ್ತಿದ್ದ ವೇಬ್ರಿಡ್ಜ್. ಊಟದ ಡಬ್ಬಿ ತಂದಿದ್ದ ನಾನು ಕಿಟಕಿಯ ಪಕ್ಕ ನಿಂತಿದ್ದೆ. ಡ್ರೈವರ್ ಸೆಲ್ವಂ ತಂದ ಗುಜರಿ ಕಬ್ಬಿಣ ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ತೂಗಿತು. "ದಾರೀಲಿ ಎಲ್ಲಿ ಇಳಿಸ್ದೆ, ಹೇಳು" ಎಂದು ನೀನು ಎಲ್ಲರ ಎದುರಿಗೇ ಕೇಳಿದೆ. "ಒಂದು ತುಂಡೂ ಇಳಿಸಿಲ್ಲ ಸಾರ್" ಎಂದ ಅವನು. ನೀನು ನಂಬಲಿಲ್ಲ. ಅವನು ಹಟ ಹಿಡಿದು ಬೇರೆ ಕಡೆ ತೂಗಿಸಿಕೊಂಡು ಬಂದ. ಅಲ್ಲಿ ಭಾರ ಸರಿಯಿತ್ತು.

ಆಗ ನೀನು ಅಂಗಿ ಬಿಚ್ಚಿಟ್ಟು ಕೆಳಗಿಳಿದೆ. ಲಾರಿ ನಿಲ್ಲುವ ಹಲಗೆಯ ಅಡಿಯಲ್ಲಿ ಮಣ್ಣು, ಜಲ್ಲಿ ಗಟ್ಟಿಯಾಗಿ ಕೂತಿತ್ತು. ಆಟೋ, ಟ್ರ್ಯಾಕ್ಟರ್ ಹತ್ತಿದರೆ ಏನೂ ಆಗುತ್ತಿರಲಿಲ್ಲ. ತುಂಬಿದ ಲಾರಿ ಹತ್ತಿದಾಗ ಮಾತ್ರ ಹಲಗೆ ಬಗ್ಗಿ ಮಣ್ಣಿಗೆ ತಾಗಿ, ಸ್ವಲ್ಪ ಭಾರವನ್ನು ಮಣ್ಣೇ ಹೊತ್ತುಕೊಳ್ಳುತ್ತಿತ್ತು. ಸಂಜೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸೆಲ್ವಂ ಮನೆಗೇ ಹೋದೆ. "ತಪ್ಪು ನನ್ ತಕ್ಕಡೀದು ಮಾರಾಯ. ಎಲ್ಲರ ಮುಂದೆ ಅಂದಿದ್ದೆ, ನಾಳೆ ಎಲ್ಲರ ಮುಂದೇ ಹೇಳ್ತೀನಿ" ಎಂದೆ. ಹೇಳಿದೆ ಕೂಡ. ಅಷ್ಟು ಸಲೀಸಾಗಿ ಅದು ಹೇಗೆ ಬಂತಪ್ಪಾ ನಿನ್ನ ಬಾಯಲ್ಲಿ?

ರವೀಂದ್ರನಗರದ ಮನೆಯಲ್ಲಿ ಕಾಫಿ ಕುಡಿಯುತ್ತಾ ನೀನೊಮ್ಮೆ ಕೇಳಿದ್ದೆ, "ಶಂಕರಘಟ್ಟದ ಯೂನಿವರ್ಸಿಟೀಲಿ ನೀನು ಮಾಡೋ ರಿಸರ್ಚಾದ್ರೂ ಏನೇ?" ವಿಶ್ವ ಹಿಗ್ಗುತ್ತಿದೆ, ಗುರುತ್ವದ ಎಳೆತಕ್ಕೆ ಅದು ನಿಧಾನವಾಗಬೇಕಿತ್ತು, ಆದರೆ ವೇಗ ಹೆಚ್ಚುತ್ತಲೇ ಇದೆ ಎಂದೆ ನಾನು. ಅದನ್ನು ಹೊರಕ್ಕೆ ತಳ್ಳುವ, ಕಣ್ಣಿಗೆ ಕಾಣದ ಡಾರ್ಕ್ ಎನರ್ಜಿ ಎಲ್ಲೆಡೆ ತುಂಬಿದೆ ಎನ್ನುವವರೇ ಹೆಚ್ಚು. ನಮ್ಮಂಥ ಕೆಲವರು ಗುರುತ್ವದ ನಿಯಮವನ್ನೇ ಅನುಮಾನಿಸುತ್ತೇವೆ: ಸೂರ್ಯ, ಗ್ರಹಗಳ ಮಟ್ಟಿಗೆ ಅದು ಸರಿ, ಗೆಲಾಕ್ಸಿಗಳನ್ನು ದಾಟಿದ ದೂರಕ್ಕೆ ಬೇರೆಯೇ ಇರಬಹುದು. ನೀನು ಲೋಟ ಕೆಳಗಿಟ್ಟು, "ಅಂದ್ರೆ ಲೋಡ್ ಅಲ್ಲ, ತಕ್ಕಡಿ ನೋಡ್ತಿದೀಯ" ಎಂದೆ. ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅಂದಿನಿಂದ ಪ್ರತಿ ಬ್ಯಾಚಿಗೂ ಸೆಲ್ವಂ ಕಥೆಯಿಂದಲೇ ಪಾಠ ಶುರು ಮಾಡುತ್ತೇನೆ. ನೀನು ಹೋಗಿ ಮೂರು ವರ್ಷವಾದರೂ ಅದು ತಪ್ಪಿಲ್ಲ.

ಕಳೆದ ತಿಂಗಳು ಸೆಮಿನಾರಿನಲ್ಲಿ ನನ್ನ ಸಂಶೋಧನಾ ವಿದ್ಯಾರ್ಥಿನಿ ಚೈತ್ರಾ ಎದ್ದು ನಿಂತಳು. ಆಯನೂರಿನವಳು, ಮಾತು ಕಡಿಮೆ. ನಾನು ತಿದ್ದಿ ಬರೆದ ಗುರುತ್ವದ ನಿಯಮದ ಪ್ರಕಾರ ಗೆಲಾಕ್ಸಿಗಳು ಗುಂಪುಗೂಡಬೇಕಾದ ರೀತಿಯೇ ಬೇರೆ, ಆಕಾಶದಲ್ಲಿ ಅಳೆದದ್ದೇ ಬೇರೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. ನಾನೇನು ಮಾಡಿದೆ ಗೊತ್ತೇ? "ನಿನ್ ಕೋಡಲ್ಲೇ ಎಲ್ಲೋ ತಪ್ಪಿದೆ. ಇಂಥದ್ದನ್ನೆಲ್ಲಾ ಇಲ್ಲಿ ತರಬೇಡ" ಎಂದೆ, ಎಲ್ಲರ ಎದುರಿಗೇ. ಮರುದಿನದಿಂದ ಅವಳು ಬರಲಿಲ್ಲ. ರಿಸರ್ಚ್ ಬಿಡುತ್ತೇನೆ ಎಂದು ಮೇಲ್ ಬಂತು. ವಿಶ್ವದ ತಕ್ಕಡಿಯನ್ನೇ ಅನುಮಾನಿಸಿದ ನಾನು ನನ್ನದನ್ನು ಮಾತ್ರ ಅನುಮಾನಿಸಲಿಲ್ಲ.

ಭಾನುವಾರ ಬಾಗಿಲು ಹಾಕಿಕೊಂಡು ಕೂತು, ಮೊದಲಿನಿಂದ ಎಲ್ಲವನ್ನೂ ನಾನೇ ಮಾಡಿ ನೋಡಿದೆ. ಅವಳ ಕೋಡ್ ಸರಿ. ಬಿದ್ದದ್ದು ನನ್ನ ಸಿದ್ಧಾಂತ. ಬೇಸರವಾಯಿತು, ಸುಳ್ಳೇಕೆ ಹೇಳಲಿ? ಎದೆಗುಂದಲಿಲ್ಲ. ಗುರುತ್ವವನ್ನು ತಿದ್ದುವ ದಾರಿಗಳು ಇನ್ನೂ ಇವೆ. ಅವನ್ನೂ ಹೀಗೇ ತೂಗಿ ನೋಡಿದರಾಯಿತು. ಆದರೆ ಚೈತ್ರಾಳಂಥವಳು ಮತ್ತೆ ಸಿಗುವುದಿಲ್ಲ.

ನಿನ್ನೆ ಸಾಗರದ ಬಸ್ಸು ಹತ್ತಿ ಆಯನೂರಿಗೆ ಹೋದೆ. ಚೈತ್ರಾ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. "ನಿನ್ ಲೆಕ್ಕ ಸರಿ ಇದೆ. ತಪ್ಪು ನನ್ನದು. ಸೋಮವಾರ ಸೆಮಿನಾರಲ್ಲಿ ಎಲ್ಲರ ಮುಂದೇ ಹೇಳ್ತೀನಿ, ನೀನು ಬಂದ್ರೂ, ಬರದಿದ್ರೂ" ಎಂದೆ. ಅವಳು "ಸೆಲ್ವಂ ಮತ್ತೆ ಅದೇ ವೇಬ್ರಿಡ್ಜಿಗೆ ಬಂದ್ನಾ ಮೇಡಂ? ಕ್ಲಾಸಲ್ಲಿ ನೀವು ಅದನ್ನ ಹೇಳೇ ಇಲ್ಲ" ಎಂದಳು.

ಬಂದಿದ್ದನಲ್ಲಪ್ಪಾ, ಮುಂದಿನ ವಾರವೇ? "ಬಂದ. ಲಾರಿ ಹತ್ತಿಸೋ ಮೊದಲು ಇಳಿದು, ಬಗ್ಗಿ ಕೆಳಗೆ ನೋಡ್ದ" ಎಂದೆ.

ಚೈತ್ರಾ ಬಾಗಿಲಿನಿಂದ ಸರಿದು ನಿಂತಳು. "ಒಳಗೆ ಬನ್ನಿ. ನಿಮ್ಮ ಮುಂದಿನ ಥಿಯರಿನೂ ನಾನೇ ತೂಗ್ತೀನಿ" ಎಂದಳು.

ನಿನ್ನ ಮಗಳು,
ವಿಜಯಾ