ಕವಾಯಿಯ ಮರಳಲ್ಲಿ ಮಲಗಿದ್ದವಳು

ವಿಮಾನದಲ್ಲಿ, ಹೂಸ್ಟನ್‌ಗೆ ಇನ್ನೂ ಮೂರು ಗಂಟೆ
ಜೂನ್ ೧೪, ಶನಿವಾರ

ಮುದ್ದಿನ ಗಾರ್ಗಿ,

‘ದಣಿದ ಅಲೆಯೇ ದಡಕ್ಕೆ ಬರುತ್ತದೆ’ ಅಂತ ಒಂದು ಸಾಲು. ಎಲ್ಲಿ ಓದಿದ್ದೆನೋ, ಮುಂದಿನ ಸಾಲು ಏನೋ ನೆನಪಿಲ್ಲ. ಎಂ.ಎ. ಓದುವಾಗ ಚೆಂದ ಅನ್ನಿಸಿತ್ತು. ಈಗ ಅನುಮಾನ. ದಣಿದದ್ದೇ ಆದರೆ ಬಂದ ಕ್ಷಣವೇ ಹಿಂದಕ್ಕೆ ಓಡುವುದೇಕೆ? ನಿಜವಾಗಿ ದಣಿದು ದಡಕ್ಕೆ ಬಂದವಳನ್ನು ಮೊನ್ನೆ ಹವಾಯಿಯ ಕವಾಯಿ ದ್ವೀಪದಲ್ಲಿ ಕಂಡೆ.

ಫೋನ್ ಮಾಡಬೇಡ ಅಂದಿದ್ದೀಯ, ಅದಕ್ಕೆ ಕಾಗದ. ನನ್ನ ಮಾತು ಬೇಡವಾದರೆ ಅಜ್ಜಿಯ ಪ್ರತಾಪವನ್ನಾದರೂ ಓದು.

ಬೆಳಿಗ್ಗೆ ಅಪ್ಪನನ್ನು ಹೋಟೆಲಿನಲ್ಲೇ ಬಿಟ್ಟು ನಾನೂ ಅಜ್ಜಿಯೂ ಬೀಚಿಗೆ ಹೋಗಿದ್ದೆವು. ಮರಳಲ್ಲಿ ಬೂದು ಬಂಡೆಯೊಂದು ಬಿದ್ದಿತ್ತು. ಹತ್ತಿರ ಹೋದರೆ ಬಂಡೆಗೆ ಮೀಸೆ! ಮಾಂಕ್ ಸೀಲ್ ಅನ್ನುವ ಕಡಲ ಪ್ರಾಣಿಯಂತೆ. ಕಣ್ಣು ಮುಚ್ಚಿತ್ತು, ಮೂಗಿನ ಮೇಲೆ ನೊಣ, ಎಷ್ಟು ಹೊತ್ತಾದರೂ ಉಸಿರಿನ ಸುಳಿವಿಲ್ಲ. ಅಜ್ಜಿ ಬ್ಯಾಗಿನಿಂದ ಕಾಶಿಯ ಗಂಗೆಯ ಪುಟ್ಟ ತಾಮ್ರದ ಗಿಂಡಿ ತೆಗೆದೇಬಿಟ್ಟರು. “ಪಾಪ, ಜೀವ ಹೊಂಟೈತಿ. ಬಾಯಾಗ ಒಂದ್ ಹನಿ ಗಂಗಿ ಬಿಡೂಣ ನಡಿ” ಅಂತ ಸೀರೆ ಎತ್ತಿಕಟ್ಟಿ ನಡೆದರು. ನಾನಾದರೂ ತಡೆದೆನೇ? ನೀರಿಗೆ ತಳ್ಳಿದರೆ ಬದುಕೀತು ಅಂತ ಎರಡೂ ಕೈ ಚಾಚಿಕೊಂಡು ಅವರಿಗಿಂತ ಮುಂದೆ ಓಡಿದೆ.

ಹಗ್ಗ ಹಿಡಿದ ಸ್ವಯಂಸೇವಕಿಯೊಬ್ಬಳು ಅಡ್ಡ ನಿಂತಳು. ಪ್ರಪಂಚದಲ್ಲಿ ಇಂಥವು ಉಳಿದಿರುವುದೇ ಸಾವಿರದ ಆರುನೂರರಷ್ಟಂತೆ. ದಿನಗಟ್ಟಲೆ ಈಜಿ ಮಲಗಲು ಮೇಲೆ ಬರುತ್ತವಂತೆ. ಕರುಣೆ ಇರುವವರೇ ಹೆಚ್ಚಾಗಿ ಅವನ್ನು ವಾಪಸು ನೀರಿಗೆ ತಳ್ಳುವುದಂತೆ. ಅವಳಿಗೆ ಏನೂ ಆಗಿಲ್ಲ, ನಿದ್ದೆ ಮಾಡುತ್ತಿದ್ದಾಳೆ, ಸಹಾಯ ಮಾಡಬೇಕೆಂದಿದ್ದರೆ ದೂರ ಕುಳಿತುಕೊಳ್ಳಿ ಅಂದಳು.

ಆಗಲೇ ಸೀಲ್ ಗೊರ್ರ್ ಅಂತು. ಅಜ್ಜಿ ಬೆಚ್ಚಿ ಗಿಂಡಿ ಸೆರಗಿನಲ್ಲಿ ಮುಚ್ಚಿಕೊಂಡು, “ಥೇಟ್ ನಿಮ್ಮ ಮಾವನ ಗೊರಕಿ” ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸ್ವಯಂಸೇವಕಿ ಸೀಲ್ ಸುತ್ತ ಹಗ್ಗ ಕಟ್ಟಿದಳು, ನಾಲ್ಕು ಗಂಟೆ ಆ ಹಗ್ಗದಾಚೆ ಕೂತಿದ್ದೆವು. ಅವಳಿಗೆ ಅಜ್ಜಿ ಚೂಡಾ ತಿನ್ನಿಸಿದರು. ಮಧ್ಯೆ ಒಮ್ಮೆ ಸೀಲ್ ಕಣ್ಣು ಬಿಟ್ಟು, ನಮ್ಮನ್ನು ನೋಡಿ, ಮಗ್ಗುಲು ಬದಲಿಸಿ ಮಲಗಿತು. ಯಾವಾಗ ಹೊರಡುತ್ತೀ ಅಂತ ಯಾರೂ ಕೇಳಲಿಲ್ಲ.

ನಾನು ನಿನ್ನನ್ನು ದಿನಾ ಕೇಳಿದೆ. ಮಾರ್ಚಿನಲ್ಲಿ ನೀನು ಆಸ್ಟಿನ್‌ನ ಆಫೀಸಿನ ಕೆಲಸ ಬಿಟ್ಟು, ಸ್ವಲ್ಪ ದಿನ ಸುಮ್ಮನೆ ಮಲಗಬೇಕಮ್ಮಾ ಅಂದೆ. ನಾನು ಅಲ್ಲೇ ಹತ್ತಿರದ ಟೇಲರ್ ಊರಿನ ಚಿಪ್ ಫ್ಯಾಕ್ಟರಿಯ ಕೆಲಸದ ಜಾಹೀರಾತು ಕಳಿಸಿದೆ. ನಮ್ಮ ಹೂಸ್ಟನ್‌ನ ಮೀನಾಕ್ಷಿ ದೇವಸ್ಥಾನದಲ್ಲಿ ಕೇಳಿದವರಿಗೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಳೆ ಅಂತ ಸುಳ್ಳು ಹೇಳಿದೆ. ನಿನಗಾಗಿ ಅಲ್ಲ, ನನಗಾಗಿ. ತಪ್ಪಾಯಿತು.

ಆಸ್ಟಿನ್‌ನಲ್ಲೇ ಮಲಗಬೇಕೆಂದರೆ ಅಲ್ಲೇ ಮಲಗು. ಮನೆಗೆ ಬರಬೇಕೆನಿಸಿದರೆ ಕೀ ಎಂದಿನಂತೆ ಪಕ್ಕದ ಮನೆ ಶಾರದಮ್ಮನ ಹತ್ತಿರ ಇರುತ್ತದೆ. ನಾನೇನೂ ಕೇಳುವುದಿಲ್ಲ. ಊಟ ಆಯಿತಾ ಅಂತ ಮಾತ್ರ ಕೇಳಿಯೇನು, ಅಷ್ಟು ಸಹಿಸಿಕೋ.

ಹಗ್ಗದಾಚೆ ಕೂತ
ನಿನ್ನ ಅಮ್ಮ
ಅನುಸೂಯಾ

ತಾ.ಕ.: ಈ ಕಾಗದಕ್ಕೆ ಸ್ಟ್ಯಾಂಪ್ ಬೇಕಾಗಲಿಲ್ಲ. ಇದಿಷ್ಟನ್ನು ಶಾರದಮ್ಮನ ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅಜ್ಜಿಯದು ಎರಡನೇ ಲೋಟ ಕಾಫಿ, ಅಪ್ಪ ಸೂಟ್‌ಕೇಸಿನ ಮೇಲೇ ಕೂತಿದ್ದಾರೆ. ನಿಧಾನವಾಗಿ ಏಳು ಮಗಳೇ. ಕೀ ತೆಗೆದುಕೊಳ್ಳಲು ಬಂದರೆ ಶಾರದಮ್ಮ ಬಾಗಿಲಲ್ಲೇ ತಡೆದು, ದನಿ ತಗ್ಗಿಸಿ ಹೇಳಿದರು: “ಕೀ ನನ್ನ ಹತ್ರ ಇಲ್ಲ, ಗುರುವಾರಾನೇ ನಿಮ್ಮ ಗಾರ್ಗಿ ಬಂದು ಇಸ್ಕೊಂಡ್ಲು. ಮಲಗಿದ್ದಾಳೆ, ಈಗ ಹೋಗಿ ಬೆಲ್ ಹೊಡೀಬೇಡಿ.”